ಬಸಿರಿನಲ್ಲಿ ಸ್ಟ್ರೆಚ್ ಮಾರ್ಕ್ಸ್: ಮೊದಲು ತೂಕ, ಆಮೇಲೆ ಊಟ, ಕೊನೆಗೆ ಕ್ರೀಮ್ – ಹಂತ ಹಂತದ ಮಾರ್ಗದರ್ಶಿ

ಏಳನೇ ತಿಂಗಳಲ್ಲಿ ಹೊಟ್ಟೆಯ ಮೇಲೆ ಮೊದಲ ಗೆರೆ ಕಾಣಿಸುತ್ತದೆ. ಗಾಬರಿಯಲ್ಲಿ ಒಂದು ಕ್ರೀಮ್ ಮನೆಗೆ ಬರುತ್ತದೆ. ದಿನಕ್ಕೆ ಮೂರು ಸಲ ತಿಕ್ಕಿದ್ದೇ ತಿಕ್ಕಿದ್ದು. ಗೆರೆಗಳು ಮಾತ್ರ ಹೆಚ್ಚುತ್ತಲೇ ಹೋಗುತ್ತವೆ. ಆಮೇಲೆ ಇನ್ನೊಂದು ಕ್ರೀಮ್. ಬಹಳಷ್ಟು ಜನ ಎಡವುವುದು ಹೀಗೆಯೇ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಹಿಡಿಯುತ್ತಾರೆ, ಅದನ್ನೂ ತಡವಾಗಿ ಹಿಡಿಯುತ್ತಾರೆ.

ಇಲ್ಲಿ ಕೆಲಸಗಳನ್ನು ಪ್ರಯೋಜನದ ಲೆಕ್ಕದಲ್ಲಿ ಜೋಡಿಸಿದ್ದೇನೆ. ಯಾವುದರಿಂದ ಜಾಸ್ತಿ ಲಾಭವೋ ಅದು ಮೊದಲು. ಮೂರನೇ ತಿಂಗಳಲ್ಲೇ ಶುರು ಮಾಡಿದರೆ ಒಳ್ಳೆಯದು. ಆರನೇ ತಿಂಗಳಲ್ಲಿ ಓದುತ್ತಿದ್ದರೂ ಹಂತ 1ರಿಂದಲೇ ಆರಂಭಿಸಿ, ಹಂತ 6ಕ್ಕೆ ಹಾರಬೇಡಿ.

## ಶುರು ಮಾಡುವ ಮುಂಚೆ ಇಷ್ಟು ಗೊತ್ತಿರಲಿ

ಗೆರೆ ಹುಟ್ಟುವುದು ಚರ್ಮದ ಮೇಲ್ಪದರದಲ್ಲಲ್ಲ, ಅದರ ಕೆಳಗಿನ ಪದರದಲ್ಲಿ. ಅಲ್ಲಿ ಕಾಲಜನ್, ಎಲಾಸ್ಟಿನ್ ಎಂಬ ನಾರುಗಳಿರುತ್ತವೆ. ಚರ್ಮಕ್ಕೆ ಗಟ್ಟಿತನ ಮತ್ತು ಹಿಗ್ಗುವ ಗುಣ ಬರುವುದು ಇವುಗಳಿಂದ. ಬಸಿರಿನ ಹಾರ್ಮೋನ್‌ಗಳಿಂದ ಈ ನಾರುಗಳ ಹಿಡಿತ ಸಡಿಲವಾಗುತ್ತದೆ, ಅದೇ ಹೊತ್ತಿಗೆ ಹೊಟ್ಟೆ ಬೆಳೆಯುತ್ತದೆ. ಎರಡೂ ಸೇರಿದಾಗ ನಾರುಗಳು ಹರಿಯುತ್ತವೆ. ಬಟ್ಟೆಯ ಅಸ್ತರು ಒಳಗೆ ಹರಿದು, ಮೇಲಿನ ಬಟ್ಟೆ ಹಾಗೇ ಉಳಿದ ಹಾಗೆ. ಮೇಲೆ ಎಣ್ಣೆ ಸವರಿದರೆ ಅದು ಅಸ್ತರನ್ನು ಹೊಲಿಯುವುದಿಲ್ಲ.

ಗರ್ಭಿಣಿಯರಲ್ಲಿ ಶೇಕಡಾ 50ರಿಂದ 90ರಷ್ಟು ಮಂದಿಗೆ ಈ ಗೆರೆಗಳು ಬರುತ್ತವೆ. ಹೆಚ್ಚಾಗಿ 24ನೇ ವಾರದ ನಂತರ ಕಾಣಿಸುತ್ತವೆ. ಹೊಟ್ಟೆ, ಎದೆ, ತೊಡೆ, ಸೊಂಟದ ಬದಿ, ಪೃಷ್ಠ ಇವೇ ಮುಖ್ಯ ಜಾಗಗಳು. ಹೊಸ ಗೆರೆ ಕೆಂಪು ಅಥವಾ ನೇರಳೆ ಇರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಗಾಢ ಕಂದು ಆಗಿಯೂ ಕಾಣಬಹುದು. ಹಳೆಯದಾದಂತೆ ಬಿಳಿಚಿಕೊಳ್ಳುತ್ತದೆ.

ಒಂದೂ ಗೆರೆ ಬರದ ಹಾಗೆ ಮಾಡುವ ಉಪಾಯ ಯಾರ ಹತ್ತಿರವೂ ಇಲ್ಲ. ಇದೆ ಅಂದವರು ಏನೋ ಮಾರುತ್ತಿದ್ದಾರೆ ಅಂತಲೇ ತಿಳಿದುಕೊಳ್ಳಿ. ನಮ್ಮ ಕೈಯಲ್ಲಿರುವುದು ಚರ್ಮ ಹಿಗ್ಗುವ ವೇಗ ಮತ್ತು ಪ್ರಮಾಣ, ಅದೂ ಸ್ವಲ್ಪ ಮಟ್ಟಿಗೆ ಮಾತ್ರ.

## ಬೇಕಾಗುವ ಸಾಮಾನು

- ನಂಬಬಹುದಾದ ಒಂದು ತೂಕದ ಯಂತ್ರ
- ಒಂದು ನೋಟ್‌ಬುಕ್, ಇಲ್ಲವೇ ಫೋನಿನಲ್ಲಿ ಒಂದು ಪಟ್ಟಿ
- ಬಸಿರಿಗೆ ಮುಂಚೆ ನಿಮ್ಮ ತೂಕ ಎಷ್ಟಿತ್ತು ಎಂಬ ಲೆಕ್ಕ
- ಸುವಾಸನೆ ಇಲ್ಲದ ಸಾಧಾರಣ ಮಾಯಿಶ್ಚರೈಸರ್
- ಬಿಗಿಯಾಗದ, ಆಧಾರ ಕೊಡುವ ಬ್ರಾ ಮತ್ತು ಹತ್ತಿ ಒಳ ಉಡುಪು

ಸ್ಟ್ರೆಚ್ ಮಾರ್ಕ್ಸ್‌ಗೆಂದೇ ಮಾರುವ ವಿಶೇಷ ಕ್ರೀಮ್ ಈ ಪಟ್ಟಿಯಲ್ಲಿಲ್ಲ. ಮರೆತು ಬಿಟ್ಟಿದ್ದಲ್ಲ.

## ಹಂತ 1: ನಿಮಗೆ ಅಪಾಯ ಎಷ್ಟು ಅಂತ ನೋಡಿಕೊಳ್ಳಿ

ಹತ್ತು ನಿಮಿಷದ ಕೆಲಸ. ಈ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಅಂತ ಬರೆಯಿರಿ. ನಿಮ್ಮ ಅಮ್ಮನಿಗೆ ಅಥವಾ ಅಕ್ಕನಿಗೆ ಬಸಿರಿನ ಗೆರೆಗಳಿವೆಯಾ? ಹದಿಹರೆಯದಲ್ಲಿ ನಿಮಗೇ ತೊಡೆ, ಎದೆಯ ಮೇಲೆ ಗೆರೆ ಬಂದಿತ್ತಾ? ನಿಮ್ಮ ವಯಸ್ಸು ಇಪ್ಪತ್ತರ ಆಸುಪಾಸಾ? ಬಸಿರಿಗೆ ಮುಂಚೆಯೇ ತೂಕ ಜಾಸ್ತಿ ಇತ್ತಾ? ಹೊಟ್ಟೆಯಲ್ಲಿ ಅವಳಿ ಮಕ್ಕಳಾ?

ಮೊದಲ ಎರಡಕ್ಕೆ ಹೌದು ಅಂದಿದ್ದರೆ, ಏನೇ ಮಾಡಿದರೂ ಕೆಲವು ಗೆರೆ ಬರುವ ಸಾಧ್ಯತೆ ಹೆಚ್ಚು. ಇದನ್ನು ಮೊದಲೇ ಒಪ್ಪಿಕೊಂಡರೆ ಆಮೇಲೆ ಸುಮ್ನೆ ನಿಮ್ಮನ್ನು ನೀವೇ ಬೈದುಕೊಳ್ಳುವುದು ತಪ್ಪುತ್ತದೆ. ವಯಸ್ಸಿನ ಪ್ರಶ್ನೆ ಹಲವರಿಗೆ ಉಲ್ಟಾ ಅನ್ನಿಸುತ್ತದೆ. ಆದರೆ ನಿಜ: ಚಿಕ್ಕ ವಯಸ್ಸಿನ ತಾಯಂದಿರಲ್ಲೇ ಈ ಗೆರೆಗಳು ಜಾಸ್ತಿ.

## ಹಂತ 2: ತೂಕದ ಗುರಿ ಬರೆದಿಡಿ, ವೇಗ ಗಮನಿಸಿ

ಇಡೀ ಮಾರ್ಗದರ್ಶಿಯಲ್ಲಿ ನಿಮ್ಮ ಹಿಡಿತಕ್ಕೆ ಜಾಸ್ತಿ ಸಿಗುವ ಹಂತ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಸಂಖ್ಯೆ, ಲೆಕ್ಕ ಹಾಕಿ. ಬಸಿರಿಗೆ ಮುಂಚಿನ ತೂಕವನ್ನು ಕಿಲೋದಲ್ಲಿ ತೆಗೆದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ. ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿ. 60 ಕಿಲೋ ತೂಕ, 1.6 ಮೀಟರ್ ಎತ್ತರ ಇದ್ದರೆ 60 ಭಾಗಿಸು 2.56, ಅಂದರೆ 23.4.

ಒಂದೇ ಮಗು ಇರುವವರಿಗೆ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಮಿತಿಗಳು ಹೀಗಿವೆ. ಇಡೀ ಒಂಬತ್ತು ತಿಂಗಳಿಗೆ ಏರಬಹುದಾದ ತೂಕ ಇದು.

- ಬಿಎಂಐ 18.5ಕ್ಕಿಂತ ಕಡಿಮೆ: 12.5ರಿಂದ 18 ಕಿಲೋ
- 18.5ರಿಂದ 24.9: 11.5ರಿಂದ 16 ಕಿಲೋ
- 25ರಿಂದ 29.9: 7ರಿಂದ 11.5 ಕಿಲೋ
- 30 ಅಥವಾ ಹೆಚ್ಚು: 5ರಿಂದ 9 ಕಿಲೋ

ಏಷ್ಯಾ ಮೂಲದವರಿಗೆ ಬಿಎಂಐ 23 ದಾಟಿದರೇ ಡಾಕ್ಟರ್ ಎಚ್ಚರಿಕೆ ಹೇಳಬಹುದು. ಅವಳಿ ಇದ್ದರೆ ಲೆಕ್ಕ ಬೇರೆ. ಎರಡೂ ಸಂದರ್ಭದಲ್ಲಿ ನಿಮ್ಮ ಡಾಕ್ಟರ್ ಕೊಡುವ ಸಂಖ್ಯೆಯನ್ನೇ ಹಿಡಿಯಿರಿ.

ಒಟ್ಟು ಸಂಖ್ಯೆಗಿಂತ ವೇಗವೇ ನೋಡಬೇಕಾದ ವಿಷಯ. ಮೊದಲ ಮೂರು ತಿಂಗಳಲ್ಲಿ ಅರ್ಧ ಕಿಲೋದಿಂದ 2 ಕಿಲೋ ಏರಿದರೆ ಸಾಕು. ವಾಂತಿಯಿಂದ ಸ್ವಲ್ಪ ಇಳಿಯುವುದೂ ಉಂಟು. ಆಮೇಲೆ ಸಾಮಾನ್ಯ ಬಿಎಂಐ ಇರುವವರಿಗೆ ವಾರಕ್ಕೆ ಸುಮಾರು 400 ಗ್ರಾಂ, 25 ದಾಟಿದವರಿಗೆ ಸುಮಾರು 300 ಗ್ರಾಂ, 30 ದಾಟಿದವರಿಗೆ 200 ಗ್ರಾಂ ಆಸುಪಾಸು. ಇಬ್ಬರು ಮಹಿಳೆಯರ ತೂಕ ಕೊನೆಗೆ ತಲಾ 14 ಕಿಲೋ ಏರಿತು ಅಂದುಕೊಳ್ಳಿ. ಒಬ್ಬರದು ವಾರವಾರ ನಿಧಾನವಾಗಿ ಏರಿದ್ದು, ಇನ್ನೊಬ್ಬರದು ಆರು ವಾರದಲ್ಲಿ 6 ಕಿಲೋ ಜಿಗಿದದ್ದು. ಚರ್ಮಕ್ಕೆ ಇವೆರಡೂ ಒಂದೇ ಅಲ್ಲ.

ತೂಕ ನೋಡುವ ರೀತಿಯೂ ಮುಖ್ಯ. ವಾರಕ್ಕೆ ಒಂದೇ ದಿನ, ಬೆಳಗ್ಗೆ, ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಹಗುರ ಬಟ್ಟೆಯಲ್ಲಿ ನೋಡಿ. ದಿನಾ ನೋಡಿದರೆ ನೀರಿನ ಏರಿಳಿತ ಕಂಡು ಬೇಡದ ತಲೆಬಿಸಿ.

ಸಾಮಾನ್ಯ ತಪ್ಪು: ತೂಕ ಏರಿತು ಅಂತ ಊಟ ಬಿಡುವುದು. ಬಸಿರು ತೂಕ ಇಳಿಸುವ ಕಾಲವಲ್ಲ, ಮಗುವಿನ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ. ವೇಗ ಜಾಸ್ತಿ ಅನ್ನಿಸಿದರೆ ಮೊದಲು ಸಿಹಿ ಪಾನೀಯ ಮತ್ತು ಪ್ಯಾಕೆಟ್ ಜ್ಯೂಸ್ ನಿಲ್ಲಿಸಿ. ಆಮೇಲೆ ಕರಿದ ತಿಂಡಿ, ಬಿಸ್ಕತ್ತು. ಅದರ ನಂತರ ರಾತ್ರಿಯ ಎರಡನೇ ಬಡಿಸುವಿಕೆ. ಇಷ್ಟರಲ್ಲೇ ಹೆಚ್ಚಿನವರ ವೇಗ ಹಿಡಿತಕ್ಕೆ ಬರುತ್ತದೆ.

ಎಚ್ಚರಿಕೆ: ಒಂದೇ ವಾರದಲ್ಲಿ 1 ಕಿಲೋಗಿಂತ ಜಾಸ್ತಿ ಏರಿ, ಮುಖ ಮತ್ತು ಕೈ ಊದಿ, ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ಅದು ಊಟದ ವಿಷಯವಲ್ಲ. ರಕ್ತದೊತ್ತಡ ಏರಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಎಷ್ಟು ತಿಂದಿರಿ ಅನ್ನುವುದಕ್ಕೂ ಹೊಟ್ಟೆ ಬೆಳೆಯುವ ವೇಗಕ್ಕೂ ಹೊಂದದೇ ಹೋದರೆ ಅದನ್ನೂ ತೋರಿಸಿ. ಗರ್ಭದ ನೀರು ಹೆಚ್ಚಿದಾಗ ಹಾಗಾಗುತ್ತದೆ.

## ಹಂತ 3: ತಟ್ಟೆ ಸರಿಮಾಡಿ

"ಇಬ್ಬರ ಊಟ ಮಾಡು" ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಮೊದಲ ಮೂರು ತಿಂಗಳಲ್ಲಿ ಹೆಚ್ಚುವರಿ ಕ್ಯಾಲೊರಿ ಬೇಕಾಗಿಯೇ ಇಲ್ಲ. ನಡುವಿನ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 340, ಕೊನೆಯ ಮೂರರಲ್ಲಿ ಸುಮಾರು 450 ಕ್ಯಾಲೊರಿ ಹೆಚ್ಚು ಸಾಕು. 340 ಅಂದರೆ ಒಂದು ದೊಡ್ಡ ಲೋಟ ಹಾಲು ಮತ್ತು ಒಂದು ಹಿಡಿ ಬಾದಾಮಿ, ಅಷ್ಟೇ.

3.1 ಮೊದಲು ಪ್ರೋಟೀನ್. ಕಾಲಜನ್ ಕೂಡ ಒಂದು ಪ್ರೋಟೀನೇ. ಬಸಿರಿನಲ್ಲಿ ದಿನಕ್ಕೆ ಸುಮಾರು 70 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 8 ಗ್ರಾಂ, ಒಂದು ದೊಡ್ಡ ಬಟ್ಟಲು ಗಟ್ಟಿ ಬೇಯಿಸಿದ ಬೇಳೆಯಲ್ಲಿ ಸುಮಾರು 18 ಗ್ರಾಂ ಸಿಗುತ್ತದೆ. ತೆಳ್ಳಗೆ ಮಾಡಿದ ಬೇಳೆ ನೀರಿನಲ್ಲಿ ಇದರ ಕಾಲುಭಾಗವೂ ಇರುವುದಿಲ್ಲ. ದಿನವಿಡೀ ಹಂಚಿ ತಿನ್ನಿ. ಬೆಳಗಿನ ತಿಂಡಿಯಲ್ಲೇ ಪ್ರೋಟೀನ್ ಕೈಬಿಟ್ಟುಹೋಗುವುದು ಜಾಸ್ತಿ, ಅಲ್ಲಿಂದ ಸರಿಮಾಡಿ. ಮೊಟ್ಟೆ, ಮಾಂಸ, ಮೀನು ಚೆನ್ನಾಗಿ ಬೆಂದಿರಲಿ. ಪಾದರಸ ಜಾಸ್ತಿ ಇರುವ ದೊಡ್ಡ ಸಮುದ್ರ ಮೀನುಗಳು ಬೇಡ.

3.2 ವಿಟಮಿನ್ ಸಿ. ಇದಿಲ್ಲದೆ ದೇಹ ಗಟ್ಟಿ ಕಾಲಜನ್ ಕಟ್ಟಲಾರದು. ದಿನಕ್ಕೆ 85 ಮಿಲಿಗ್ರಾಂ ಸಾಕು. ಒಂದು ಸೀಬೆಹಣ್ಣು ತಿಂದರೆ ಅದು ಮುಗಿಯಿತು. ಕಿತ್ತಳೆಯಾದರೆ ಒಂದೂವರೆ. ಬಿಸಿಗೆ ಈ ವಿಟಮಿನ್ ಹಾಳಾಗುತ್ತದೆ, ಆದ್ದರಿಂದ ಹಣ್ಣನ್ನು ಹಸಿಯಾಗಿ ತಿನ್ನಿ, ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕಬ್ಬಿಣದ ಮಾತ್ರೆಯ ಜೊತೆಗೇ ತೆಗೆದುಕೊಂಡರೆ ಕಬ್ಬಿಣವೂ ಚೆನ್ನಾಗಿ ಮೈಗೆ ಹಿಡಿಯುತ್ತದೆ. ಚಹಾ, ಕಾಫಿ, ಕ್ಯಾಲ್ಸಿಯಂ ಮಾತ್ರೆಗಳನ್ನು ಆ ಹೊತ್ತಿಗೆ ದೂರ ಇಡಿ.

3.3 ಸತು ಮತ್ತು ಇತರೆ. ಸತು ದಿನಕ್ಕೆ 11 ಮಿಲಿಗ್ರಾಂ. ಕುಂಬಳಬೀಜ, ಗೋಡಂಬಿ, ಕಾಳುಗಳು, ಮಾಂಸದಲ್ಲಿದೆ. ವಿಟಮಿನ್ ಇ ಬಾದಾಮಿ, ಸೂರ್ಯಕಾಂತಿ ಬೀಜದಲ್ಲಿ ಸಿಗುತ್ತದೆ. ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಬೇರೆ ಯಾವುದನ್ನೂ ನೀವಾಗಿ ಸೇರಿಸಬೇಡಿ.

3.4 ಸಕ್ಕರೆ. ರಕ್ತದಲ್ಲಿ ಸಕ್ಕರೆ ಏರಿದರೆ ಮಗುವಿನ ಗಾತ್ರ ಹೆಚ್ಚಬಹುದು, ಗರ್ಭದ ನೀರೂ ಹೆಚ್ಚಬಹುದು. ಎರಡೂ ಹೊಟ್ಟೆಯ ಚರ್ಮವನ್ನು ಇನ್ನಷ್ಟು ಎಳೆಯುತ್ತವೆ. 24ರಿಂದ 28ನೇ ವಾರದೊಳಗಿನ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡಿ.

ಸಾಮಾನ್ಯ ತಪ್ಪುಗಳು: ಒಂದು, ಕಾಲಜನ್ ಪುಡಿ. ಹೊಟ್ಟೆಗೆ ಹೋದ ಕಾಲಜನ್ ಜೀರ್ಣವಾಗಿ ಚೂರುಚೂರಾಗುತ್ತದೆ, ನೇರವಾಗಿ ನಿಮ್ಮ ಹೊಟ್ಟೆಯ ಚರ್ಮಕ್ಕೆ ಹೋಗಿ ಕೂರುವುದಿಲ್ಲ. ಗೆರೆ ತಡೆಯುತ್ತದೆ ಎನ್ನಲು ಗಟ್ಟಿ ಆಧಾರವೂ ಇಲ್ಲ. ಎರಡು, ಚರ್ಮಕ್ಕೆ ಒಳ್ಳೆಯದು ಅಂತ ವಿಟಮಿನ್ ಎ ಮಾತ್ರೆ ನುಂಗುವುದು. ಇದು ನಿಜಕ್ಕೂ ಅಪಾಯ. ರೆಟಿನಾಲ್ ರೂಪದ ವಿಟಮಿನ್ ಎ ದಿನಕ್ಕೆ 3000 ಮೈಕ್ರೋಗ್ರಾಂ ದಾಟಬಾರದು, ಮಗುವಿನ ಅಂಗಗಳಿಗೆ ತೊಂದರೆಯಾಗಬಹುದು. ಪ್ರಾಣಿಗಳ ಯಕೃತ್ತಿನಲ್ಲಿ ಇದು ತುಂಬಾ ಇರುತ್ತದೆ, ಅದನ್ನೂ ಬಿಡಿ. ಕ್ಯಾರೆಟ್, ಸೊಪ್ಪಿನಿಂದ ಸಿಗುವ ಬೀಟಾ ಕ್ಯಾರೋಟಿನ್‌ಗೆ ಈ ಭಯವಿಲ್ಲ.

## ಹಂತ 4: ನೀರು

ದಿನಕ್ಕೆ ಎರಡರಿಂದ ಎರಡೂವರೆ ಲೀಟರ್, ಹಾಲು, ಮಜ್ಜಿಗೆ ಎಲ್ಲಾ ಸೇರಿ. ಸೆಕೆಯಲ್ಲಿ ಇನ್ನಷ್ಟು. ಮೂತ್ರ ತಿಳಿ ಹಳದಿ ಇದ್ದರೆ ಸಾಕಾಗಿದೆ ಅಂತ ಅರ್ಥ. ನಾಲ್ಕೈದು ಲೀಟರ್ ಕುಡಿದರೆ ಗೆರೆ ಬರಲ್ಲ ಅನ್ನುವುದು ಸುಳ್ಳು, ಶೌಚಾಲಯಕ್ಕೆ ಓಡಾಟ ಮಾತ್ರ ಜಾಸ್ತಿ.

## ಹಂತ 5: ಓಡಾಟ, ನಿದ್ದೆ, ಹೊಗೆ

ಡಾಕ್ಟರ್ ಬೇಡ ಅನ್ನದಿದ್ದರೆ ವಾರಕ್ಕೆ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಸಾಕು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಲೆಕ್ಕ ಸರಿಹೋಗುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗ ಸರಿ ಇದೆಯಾ ಅಂತ ತಿಳಿಯಲು ಇದಕ್ಕಿಂತ ಬೇರೆ ಯಂತ್ರ ಬೇಡ.

ವ್ಯಾಯಾಮದಿಂದ ಗೆರೆ ನೇರವಾಗಿ ನಿಲ್ಲುವುದಿಲ್ಲ. ಅದರ ಕೆಲಸ ತೂಕದ ವೇಗ ಮತ್ತು ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವುದು. ಐದನೇ ತಿಂಗಳ ನಂತರ ಬೆನ್ನ ಮೇಲೆ ಬಹಳ ಹೊತ್ತು ಮಲಗಿ ಮಾಡುವ ವ್ಯಾಯಾಮ ಬೇಡ. ರಕ್ತ ಅಥವಾ ನೀರು ಹೋಗುವುದು, ತಲೆಸುತ್ತು, ಎದೆನೋವು, ಮತ್ತೆ ಮತ್ತೆ ಹೊಟ್ಟೆ ಗಟ್ಟಿಯಾಗುವುದು, ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ ಕಂಡರೆ ತಕ್ಷಣ ನಿಲ್ಲಿಸಿ, ಡಾಕ್ಟರ್‌ಗೆ ಹೇಳಿ.

ನಿದ್ದೆ ಕೆಟ್ಟರೆ ಮರುದಿನ ಸಿಹಿ ತಿನ್ನುವ ಆಸೆ ಹೆಚ್ಚುತ್ತದೆ. ತೂಕಕ್ಕೂ ನಿದ್ದೆಗೂ ಇರುವ ನಂಟು ಅಲ್ಲಿದೆ. ಎಡಕ್ಕೋ ಬಲಕ್ಕೋ ಮಗ್ಗುಲಾಗಿ, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಇನ್ನೊಂದು ಇಟ್ಟುಕೊಂಡು ಮಲಗಿ. ಸಿಗರೇಟು ಮತ್ತು ಮದ್ಯ ಪೂರ್ತಿ ಬಂದ್. ಹೊಗೆ ಕಾಲಜನ್ ಹಾಳುಮಾಡುತ್ತದೆ, ಮಗುವಿಗೆ ಅದಕ್ಕಿಂತ ದೊಡ್ಡ ಹಾನಿ ಮಾಡುತ್ತದೆ.

## ಹಂತ 6: ಈಗ ಎಣ್ಣೆ, ಕ್ರೀಮ್

ಕಾಕ್ರೇನ್ ಎಂಬುದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸುವ ಸಂಸ್ಥೆ. ಗೆರೆ ತಡೆಯುವ ಕ್ರೀಮ್‌ಗಳ ಬಗ್ಗೆ ಅದರ 2012ರ ವಿಮರ್ಶೆ 6 ಪ್ರಯೋಗಗಳನ್ನು, ಅಂದರೆ 800 ಮಹಿಳೆಯರ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿತು. ಇವು ಗೆರೆ ತಡೆಯುತ್ತವೆ ಎನ್ನಲು ಒಳ್ಳೆ ಗುಣಮಟ್ಟದ ಸಾಕ್ಷ್ಯ ಸಿಗಲಿಲ್ಲ. ಕೋಕೋ ಬೆಣ್ಣೆ, ಆಲಿವ್ ಎಣ್ಣೆಗಳೂ ಇದಕ್ಕೆ ಹೊರತಲ್ಲ.

ಹಾಗಾದರೆ ಹಚ್ಚುವುದೇಕೆ? ಒಣಚರ್ಮ, ಬಿಗಿತ, ತುರಿಕೆ ಕಡಿಮೆಯಾಗುತ್ತದೆ. ಅಷ್ಟೇ ಸಾಕಲ್ಲ! ಹೀಗೆ ಮಾಡಿ:

1. ಹೊಸ ಕ್ರೀಮನ್ನು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಎರಡು ದಿನ ನೋಡಿ. ಉರಿ, ಗುಳ್ಳೆ ಬಂದರೆ ಬೇಡ.
2. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ. ತುಂಬಾ ಬಿಸಿ ನೀರು ಚರ್ಮ ಒಣಗಿಸುತ್ತದೆ.
3. ಮೈ ಉಜ್ಜಬೇಡಿ, ಬಟ್ಟೆಯಿಂದ ಒತ್ತಿ ಒರೆಸಿ. ಚರ್ಮ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಕ್ರೀಮ್ ಹಚ್ಚಿ.
4. ಹೊಟ್ಟೆ, ಸೊಂಟ, ತೊಡೆ, ಎದೆಗೆ ಹಗುರ ಕೈಯಿಂದ ವೃತ್ತಾಕಾರವಾಗಿ ಸವರಿ. ಹೊಟ್ಟೆಯನ್ನು ಒತ್ತಿ ತಿಕ್ಕಬೇಡಿ.
5. ಮಲಗುವ ಮುಂಚೆ ಇನ್ನೊಮ್ಮೆ.

ಬಸಿರಿನಲ್ಲಿ ಇವನ್ನು ಮುಟ್ಟಬೇಡಿ: ಟ್ರೆಟಿನಾಯಿನ್, ರೆಟಿನಾಲ್ (ಎರಡೂ ವಿಟಮಿನ್ ಎ ಬಗೆಯವು), ಹೈಡ್ರೋಕ್ವಿನೋನ್ (ಚರ್ಮದ ಬಣ್ಣ ತಿಳಿಯಾಗಿಸುವ ರಾಸಾಯನಿಕ) ಇರುವ ಕ್ರೀಮ್‌ಗಳು. ಡಬ್ಬಿಯ ಹಿಂದಿನ ಪಟ್ಟಿ ಓದದೆ ಏನನ್ನೂ ಹಚ್ಚಬೇಡಿ. ಇನ್ನೂ ಒಂದು ತಪ್ಪು ತುಂಬಾ ನಡೆಯುತ್ತದೆ: ತುರಿಕೆಗೆಂದು ಮನೆಯಲ್ಲಿ ಬಿದ್ದಿರುವ ಸ್ಟಿರಾಯ್ಡ್ ಮುಲಾಮು ಹಚ್ಚುವುದು. ತೀಕ್ಷ್ಣ ಸ್ಟಿರಾಯ್ಡ್ ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಅದರಿಂದಲೇ ಸ್ಟ್ರೆಚ್ ಮಾರ್ಕ್ಸ್ ಬರುತ್ತವೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ, ಅವರು ಹೇಳಿದಷ್ಟು ದಿನ ಮಾತ್ರ.

ಹೊಟ್ಟೆಯ ಬೆಲ್ಟ್ ಬೆನ್ನುನೋವಿಗೆ ಆರಾಮ ಕೊಡಬಹುದು. ಗೆರೆಗೂ ಅದಕ್ಕೂ ಸಂಬಂಧ ಇಟ್ಟುಕೊಳ್ಳಬೇಡಿ.

## ಹಂತ 7: ತುರಿಕೆ ಬಂದರೆ ಯಾವ ಬಗೆ ಅಂತ ನೋಡಿ

ಕೆರೆದುಕೊಂಡರೆ ಗೆರೆ ಬರುತ್ತದೆ ಅನ್ನುವ ಮಾತನ್ನು ಬದಿಗಿಡಿ. ಕೆರೆತ ಗೆರೆ ತರುವುದಿಲ್ಲ, ಆದರೆ ಉಗುರಿನಿಂದ ಗಾಯ, ಸೋಂಕು ಆಗಬಹುದು. ತಣ್ಣನೆಯ ಒದ್ದೆ ಬಟ್ಟೆ ಇಡಿ, ಹತ್ತಿ ಬಟ್ಟೆ ಹಾಕಿ, ಉಗುರು ಕತ್ತರಿಸಿ.

ಹೊಟ್ಟೆಯ ಮೇಲೆ ಮಾತ್ರ ಸಣ್ಣ ತುರಿಕೆ ಇದ್ದರೆ ಚರ್ಮ ಹಿಗ್ಗುತ್ತಿರುವುದರಿಂದ. ಚಿಂತೆ ಇಲ್ಲ.

ಕೊನೆಯ ಮೂರು ತಿಂಗಳಲ್ಲಿ ಗೆರೆಗಳ ಮೇಲೆಯೇ ಕೆಂಪು ದದ್ದು ಎದ್ದು, ಹೊಕ್ಕುಳ ಬಿಟ್ಟು ಸುತ್ತ ಹರಡಿ, ವಿಪರೀತ ತುರಿಸಿದರೆ ಡಾಕ್ಟರ್‌ಗೆ ತೋರಿಸಿ. ಮೊದಲ ಬಸಿರಿನಲ್ಲಿ ಇದು ಹೆಚ್ಚು. ತಾಯಿಗೆ ಕಿರಿಕಿರಿ, ಮಗುವಿಗೆ ತೊಂದರೆ ಇಲ್ಲ. ಹೊಕ್ಕುಳ ಸುತ್ತಲೇ ಶುರುವಾಗಿ ನೀರುಗುಳ್ಳೆ ಆದರೆ ಅದು ಬೇರೆ ಕಾಯಿಲೆ, ತಡಮಾಡದೆ ತೋರಿಸಿ.

ದೊಡ್ಡ ಎಚ್ಚರಿಕೆ: ಅಂಗೈ, ಅಂಗಾಲಿನಲ್ಲಿ ತುರಿಕೆ, ದದ್ದು ಏನೂ ಇಲ್ಲ, ರಾತ್ರಿ ಜಾಸ್ತಿ. ಜೊತೆಗೆ ಮೂತ್ರ ಗಾಢ ಬಣ್ಣ, ಮಲ ಬಿಳಿಚಿದ್ದು, ಕಣ್ಣು ಹಳದಿ ಆಗಬಹುದು. ಪಿತ್ತರಸದ ಹರಿವು ನಿಧಾನವಾದಾಗ ಹೀಗಾಗುತ್ತದೆ, ಮಗುವಿಗೆ ಅಪಾಯ ತರಬಲ್ಲದು. ಕ್ರೀಮ್ ಹಚ್ಚಿ ಕಾಯಬೇಡಿ. ಪಿತ್ತಾಮ್ಲದ ರಕ್ತಪರೀಕ್ಷೆ ಮಾಡಿಸಲು ಅದೇ ದಿನ ಡಾಕ್ಟರ್‌ಗೆ ಕರೆ ಮಾಡಿ.

ಗೆರೆಗಳು ತುಂಬಾ ಅಗಲವಾಗಿ, ಕಡು ನೇರಳೆ ಬಣ್ಣದಲ್ಲಿದ್ದು, ಜೊತೆಗೆ ಸ್ನಾಯುಗಳಲ್ಲಿ ನಿಶ್ಶಕ್ತಿ, ಸಣ್ಣ ಪೆಟ್ಟಿಗೂ ನೀಲಿಗಟ್ಟುವುದು ಇದ್ದರೆ ಹಾರ್ಮೋನ್ ಪರೀಕ್ಷೆ ಬೇಕಾಗಬಹುದು. ಅಪರೂಪ, ಆದರೆ ಹೇಳದೆ ಬಿಡುವಂಥದ್ದಲ್ಲ.

## ಹಂತ 8: ಹೆರಿಗೆಯ ನಂತರ

ಮೊದಲ ಆರು ತಿಂಗಳು ಗೆರೆಗಳಿಗಾಗಿ ಖರ್ಚು ಮಾಡಬೇಡಿ. ಆರರಿಂದ ಹನ್ನೆರಡು ತಿಂಗಳಲ್ಲಿ ಹೆಚ್ಚಿನವು ತಾವಾಗಿಯೇ ಮಸುಕಾಗುತ್ತವೆ. ಪೂರ್ತಿ ಅಳಿಸಿಹೋಗುವುದಿಲ್ಲ. ಈ ಅವಧಿಯಲ್ಲಿ ಯಾವ ಕ್ರೀಮ್ ಹಚ್ಚುತ್ತಿದ್ದರೂ ಹೊಗಳಿಕೆ ಅದಕ್ಕೇ ಸಿಗುತ್ತದೆ, ಕೆಲಸ ಮಾತ್ರ ಸಮಯದ್ದು.

ತೂಕ ಇಳಿಸುವ ಆತುರ ಬೇಡ. ಆರು ವಾರದ ತಪಾಸಣೆ ಮುಗಿಸಿ, ಡಾಕ್ಟರ್ ಸರಿ ಅಂದ ಮೇಲೆ ವಾರಕ್ಕೆ ಅರ್ಧ ಕಿಲೋದಷ್ಟು ಸಾಕು. ಸಿಸೇರಿಯನ್ ಆಗಿದ್ದರೆ ಗಾಯ ಪೂರ್ತಿ ಮಾಯುವ ತನಕ ಅದರ ಮೇಲೆ ಯಾವ ಎಣ್ಣೆಯೂ ಬೇಡ. ಬಿಸಿಲಿಗೆ ಸುತ್ತಲಿನ ಚರ್ಮ ಕಪ್ಪಾಗುತ್ತದೆ, ಗೆರೆ ಆಗುವುದಿಲ್ಲ, ಹಾಗಾಗಿ ಇನ್ನೂ ಎದ್ದು ಕಾಣುತ್ತದೆ. ಆ ಭಾಗ ಮುಚ್ಚಿಕೊಳ್ಳಿ ಅಥವಾ ಸನ್‌ಸ್ಕ್ರೀನ್ ಹಚ್ಚಿ.

ಚಿಕಿತ್ಸೆ ಬೇಕೇ ಬೇಕು ಅನ್ನಿಸಿದರೆ ಚರ್ಮರೋಗ ತಜ್ಞರನ್ನು ಕಾಣಿ. ಗೆರೆ ಇನ್ನೂ ಕೆಂಪಾಗಿರುವಾಗ ಚಿಕಿತ್ಸೆಗೆ ಒಗ್ಗುವುದು ಹೆಚ್ಚು. ಬಿಳಿಯಾದ ಮೇಲೆ ಕಷ್ಟ. ಟ್ರೆಟಿನಾಯಿನ್ (ಬಸಿರಿನಲ್ಲಿ ಬೇಡ ಅಂದದ್ದೇ), ಲೇಸರ್, ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಚಿಕಿತ್ಸೆ) ಇವೆ. ಹಾಲೂಡಿಸುತ್ತಿದ್ದರೆ ಮೊದಲೇ ಹೇಳಿ. ಕಂದು, ಕಪ್ಪು ಮೈಬಣ್ಣಕ್ಕೆ ಲೇಸರ್‌ನಿಂದ ಕಲೆ ಉಳಿಯುವ ಸಾಧ್ಯತೆ ಇದೆ. ಒಂದು ಸಣ್ಣ ಜಾಗದಲ್ಲಿ ಮಾತ್ರ ಮೊದಲು ಮಾಡಿಸಿ, ಕೆಲವು ವಾರ ಕಾದು ಬಣ್ಣ ನೋಡಿ, ಆಮೇಲೆ ಉಳಿದ ಭಾಗಕ್ಕೆ ಒಪ್ಪಿಗೆ ಕೊಡಿ.